ಕವಿಗೆ ಸಿಗದ ಮಾತ್ರೆ: ಮೈಸೂರು, ಮಂಡ್ಯದ ಎಆರ್‌ಟಿ ಸೇವೆ ಹೇಗಿದೆ?

ಅಮೆರಿಕದ ಕವಿ ಎಸೆಕ್ಸ್ ಹೆಂಪ್‌ಹಿಲ್ 1995ರ ನವೆಂಬರ್ 4ರಂದು ಫಿಲಡೆಲ್ಫಿಯಾದಲ್ಲಿ ಏಡ್ಸ್‌ನಿಂದ ತೀರಿಕೊಂಡರು. ವಯಸ್ಸು ಬರೀ 38. ಕಪ್ಪು ಜನಾಂಗದ ಸಲಿಂಗಪ್ರೇಮಿಗಳ ಪ್ರೀತಿಯನ್ನೂ ಸೋಂಕಿನ ಭಯವನ್ನೂ ಮುಚ್ಚುಮರೆಯಿಲ್ಲದೆ ಬರೆದವರು, ವೇದಿಕೆಯಲ್ಲಿ ನಿಂತು ಓದಿದವರು. ಗೆಳೆಯ ಜೋಸೆಫ್ ಬೀಮ್ 1988ರಲ್ಲಿ ಇದೇ ಕಾಯಿಲೆಯಿಂದ ಹೋದಾಗ ಅರ್ಧಕ್ಕೆ ನಿಂತಿದ್ದ ಸಂಕಲನವನ್ನು, ಬೀಮ್ ಅವರ ತಾಯಿಯ ಜೊತೆಗೂಡಿ 1991ರಲ್ಲಿ ಹೊರತಂದರು. ಹೆಂಪ್‌ಹಿಲ್ ತೀರಿಕೊಂಡ ಹದಿಮೂರು ದಿನಕ್ಕೆ, ನವೆಂಬರ್ 17ರಂದು, ಅಲ್ಲಿ ಏಡ್ಸ್ ತರುವ ಎಚ್‌ಐವಿ ವೈರಸ್ಸಿನ ಔಷಧ ಲ್ಯಾಮಿವುಡಿನ್‌ಗೆ ಅನುಮತಿ ಸಿಕ್ಕಿತು. ಡಿಸೆಂಬರ್ 6ಕ್ಕೆ ಇನ್ನೊಂದು ಔಷಧ ಸ್ಯಾಕ್ವಿನಾವಿರ್ ಬಂತು. ಒಂದೇ ಔಷಧ ಕೊಟ್ಟರೆ ವೈರಸ್ ರೂಪ ಬದಲಿಸಿ ತಪ್ಪಿಸಿಕೊಳ್ಳುತ್ತದೆ, ಮೂರನ್ನು ಒಟ್ಟಿಗೆ ಕೊಟ್ಟರೆ ಮಾತ್ರ ಹಿಡಿತಕ್ಕೆ ಬರುತ್ತದೆ ಎಂಬುದು 1996ರ ಹೊತ್ತಿಗೆ ಗಟ್ಟಿಯಾಯಿತು. ಕೆಲವೇ ತಿಂಗಳಲ್ಲಿ ತಪ್ಪಿಹೋದ ಬದುಕು ಅದು.

ಆ ಲ್ಯಾಮಿವುಡಿನ್ ಇವತ್ತು ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲೂ ಮಂಡ್ಯದ ಮಿಮ್ಸ್ ಆಸ್ಪತ್ರೆಯಲ್ಲೂ ಪುಕ್ಕಟೆ ಸಿಗುವ ಟಿಎಲ್‌ಡಿ ಮಾತ್ರೆಯ ಒಂದು ಭಾಗ. ಟೆನೊಫೊವಿರ್ 300, ಲ್ಯಾಮಿವುಡಿನ್ 300, ಡೋಲುಟೆಗ್ರಾವಿರ್ 50 ಮಿಲಿಗ್ರಾಂ. ಮೂರೂ ಒಂದೇ ಮಾತ್ರೆಯಲ್ಲಿ, ದಿನಕ್ಕೊಂದು. ದೇಶದಲ್ಲಿ ಉಚಿತ ಎಆರ್‌ಟಿ (ಎಚ್‌ಐವಿಯನ್ನು ಹಿಡಿತದಲ್ಲಿಡುವ ಔಷಧ ಚಿಕಿತ್ಸೆ) ಶುರುವಾಗಿದ್ದು 2004ರ ಏಪ್ರಿಲ್ 1ರಂದು. ಆಗ ಸಿಡಿ4 (ರೋಗ ತಡೆಯುವ ರಕ್ತಕಣ) ಎಣಿಕೆ ಇಳಿಯುವವರೆಗೆ ಕಾಯಬೇಕಿತ್ತು. 2017ರಿಂದ ಸೋಂಕು ಖಚಿತವಾದ ಎಲ್ಲರಿಗೂ ಔಷಧ ಉಂಟು. ಇಲ್ಲಿ ಬರೆದಿರುವುದು ಯಾವುದೋ ಒಂದು ಆಸ್ಪತ್ರೆಯ ಗುಣದೋಷ ಅಲ್ಲ. ಎರಡೂ ಜಿಲ್ಲೆಯಲ್ಲಿ ಸಿಗುವ ಸೇವೆಯ ಒಟ್ಟು ಲೆಕ್ಕ.

ಮೊದಲ ಬಾಗಿಲು ಐಸಿಟಿಸಿ, ಅಂದರೆ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ. ಜಿಲ್ಲಾ, ತಾಲ್ಲೂಕು ಆಸ್ಪತ್ರೆಗಳಲ್ಲಿದೆ. ದುಡ್ಡು ಕೊಡಬೇಕಿಲ್ಲ. ನಿಮ್ಮ ಒಪ್ಪಿಗೆ ಪಡೆದೇ ರಕ್ತ ತೆಗೆಯಬೇಕು. ಮೊದಲ ಕಿಟ್‌ನಲ್ಲಿ ಸೋಂಕಿನ ಗುರುತು ಕಂಡರೆ ಬೇರೆ ಬೇರೆ ಬಗೆಯ ಇನ್ನೆರಡು ಕಿಟ್‌ಗಳಲ್ಲಿ ನೋಡುತ್ತಾರೆ; ಮೂರರಲ್ಲೂ ಕಂಡರಷ್ಟೇ ಪಾಸಿಟಿವ್. ಖಾಸಗಿ ಲ್ಯಾಬಿನ ಒಂದೇ ಚೀಟಿ ಹಿಡಿದು ಕಂಗೆಟ್ಟು ಕೂತವರು ದಯವಿಟ್ಟು ಇಲ್ಲಿಗೆ ಬಂದು ಖಚಿತ ಮಾಡಿಕೊಳ್ಳಿ. ಇನ್ನೊಂದು ಮಾತು: ಅನುಮಾನದ ಘಟನೆ ನಡೆದ ವಾರಕ್ಕೇ ಬಂದ ನೆಗೆಟಿವ್ ನಂಬುವಂಥದ್ದಲ್ಲ, ಮೂರು ತಿಂಗಳಿಗೆ ಮತ್ತೆ ನೋಡಿಸಬೇಕು.

ಮಾತ್ರೆಯ ವಿಷಯಕ್ಕೆ ಬಂದರೆ ಐದಕ್ಕೆ ಐದು. ಹಿಂದೆ ಕೊಡುತ್ತಿದ್ದ ಎಫಾವಿರೆಂಜ್‌ನ ತಲೆಸುತ್ತು, ಕೆಟ್ಟ ಕನಸುಗಳ ಕಾಟ ಇದರಲ್ಲಿ ಬಹಳ ಕಮ್ಮಿ. ಕೆಲವರಿಗೆ ನಿದ್ದೆ ಕೆಡುತ್ತದೆ, ಅವರು ಬೆಳಿಗ್ಗೆ ತಗೊಂಡರೆ ಸರಿ. ತೂಕ ಏರಬಹುದು. ಟೆನೊಫೊವಿರ್ ಇರುವುದರಿಂದ ಕಿಡ್ನಿಗಾಗಿ ರಕ್ತದಲ್ಲಿ ಕ್ರಿಯಾಟಿನಿನ್ ಎಷ್ಟಿದೆ ಎಂದು ನೋಡಿಸುತ್ತಿರಬೇಕು. ಊಟಕ್ಕೆ ಮುಂಚೆಯೋ ಆಮೇಲೋ ಎಂಬ ಕಟ್ಟು ಇಲ್ಲ. ರಾಗಿಯಲ್ಲಿ ಕ್ಯಾಲ್ಸಿಯಂ ಇದೆಯಲ್ಲ, ಮುದ್ದೆ ಬಿಡಬೇಕಾ ಎಂಬ ಚಿಂತೆ ಬೇಡ, ಧಾರಾಳವಾಗಿ ಉಣ್ಣಿ.

ತೊಂದರೆ ಕೊಡುವುದು ಗ್ಯಾಸಿನ ಔಷಧ. ಡೈಜೀನ್, ಜೆಲುಸಿಲ್‌ಗಳಲ್ಲಿರುವ ಅಲ್ಯೂಮಿನಿಯಂ, ಮೆಗ್ನೀಸಿಯಂಗೆ ಡೋಲುಟೆಗ್ರಾವಿರ್ ಹೊಟ್ಟೆಯೊಳಗೇ ಅಂಟಿಕೊಳ್ಳುತ್ತದೆ. ಅಂಟಿದ ಮೇಲೆ ಕರುಳು ಅದನ್ನು ಹೀರಿಕೊಳ್ಳುವುದಿಲ್ಲ. ಹಾಗಾಗಿ ಟಿಎಲ್‌ಡಿ ನುಂಗಿ ಎರಡು ಗಂಟೆಯಾದ ಮೇಲೆ ಡೈಜೀನ್ ಕುಡಿಯಿರಿ. ಡೈಜೀನ್ ಮೊದಲೇ ಕುಡಿದಿದ್ದರೆ ಟಿಎಲ್‌ಡಿಗೆ ಆರು ಗಂಟೆ ಬಿಡಿ. ಬಸುರಿಯರಿಗೆ ಕೊಡುವ ಕಬ್ಬಿಣಾಂಶದ, ಕ್ಯಾಲ್ಸಿಯಂ ಮಾತ್ರೆಗೂ ಖಾಲಿ ಹೊಟ್ಟೆಯಲ್ಲಿ ಇದೇ ನಿಯಮ. ಊಟದ ಜೊತೆಗಾದರೆ ಒಟ್ಟಿಗೇ ನುಂಗಬಹುದು. ಸಕ್ಕರೆ ಕಾಯಿಲೆಯವರ ಮೆಟ್‌ಫಾರ್ಮಿನ್ ದಿನಕ್ಕೆ 1000 ಮಿಲಿಗ್ರಾಂ ಮೀರಬಾರದು. ಟಿಬಿಗೆ ರಿಫಾಂಪಿಸಿನ್ ನಡೆಯುತ್ತಿದ್ದರೆ ಹನ್ನೆರಡು ಗಂಟೆ ಬಿಟ್ಟು ಇನ್ನೊಂದು 50 ಮಿಲಿಗ್ರಾಂ ಡೋಲುಟೆಗ್ರಾವಿರ್ ಬೇಕು. ಆದ್ದರಿಂದ ಬೇರೆ ಡಾಕ್ಟರ ಚೀಟಿಗಳನ್ನೆಲ್ಲ ಎಆರ್‌ಟಿ ಡಾಕ್ಟರಿಗೆ ತೋರಿಸಿ. ಹೆಪಟೈಟಿಸ್ ಬಿ ಇರುವವರು ಯಾವ ಕಾರಣಕ್ಕೂ ತಾವಾಗಿ ನಿಲ್ಲಿಸಬೇಡಿ: ಇದೇ ಮಾತ್ರೆ ಆ ವೈರಸ್ಸನ್ನೂ ಅದುಮಿಟ್ಟಿರುತ್ತದೆ, ನಿಂತರೆ ಲಿವರ್ ಒಮ್ಮೆಲೇ ಕೆರಳಬಹುದು.

ಒಂದು ಹೊತ್ತು ಮರೆತರೆ ಅದೇ ದಿನ ನೆನಪಾದ ತಕ್ಷಣ ನುಂಗಿ. ಮಾರನೇ ದಿನ ಎರಡು ನುಂಗಬೇಡಿ. ಮೂವತ್ತರಲ್ಲಿ ಒಂದು ತಪ್ಪಿದರೆ ಶೇ 96 ದಾಟಿರುತ್ತೀರಿ. ಎರಡು ತಪ್ಪಿದರೆ ಕೇಂದ್ರದವರು ಬಯಸುವ ಶೇ 95ಕ್ಕಿಂತ ಕೆಳಗೆ. ನೆಂಟರು ನೋಡಿಯಾರೆಂದು ಮಾತ್ರೆಗಳನ್ನು ಕಾಗದದಲ್ಲಿ ಸುತ್ತಿ ಅಕ್ಕಿ ಡಬ್ಬಿಯಲ್ಲೋ ಬೀರುವಿನಲ್ಲೋ ಇಡುವವರಿದ್ದಾರೆ. ಬಾಟಲಿಯೊಳಗಿನ ಪುಟ್ಟ ಪೊಟ್ಟಣ ತೇವ ಹೀರುವುದಕ್ಕೇ ಇರುವುದು. ಮಳೆಗಾಲದಲ್ಲಿ ಕಾಗದದೊಳಗಿನ ಮಾತ್ರೆ ಥಂಡಿ ಹಿಡಿಯುತ್ತದೆ. ಲೇಬಲ್ ಕಿತ್ತರೂ ಚಿಂತೆಯಿಲ್ಲ, ಬಾಟಲಿ ಮಾತ್ರ ಬದಲಿಸಬೇಡಿ.

ವಿತರಣೆಗೆ ಮೂರೂವರೆ ಕೊಡಬಹುದು, ಅಷ್ಟೆ. ಕೇಂದ್ರ ನಡೆಯುವುದು ಕೂಲಿಯ ಹೊತ್ತಿನಲ್ಲೇ. ಮಂಡ್ಯದ ಕಬ್ಬು ಕಡಿಯುವ ಹಂಗಾಮಿನಲ್ಲಿ ಔಷಧಕ್ಕೆ ಬರುವುದೆಂದರೆ ಒಂದು ದಿನದ ಸಂಬಳ ಹೋಯಿತು. ಬೋರ್ಡಿನ ಮುಂದೆ ಸಾಲಿನಲ್ಲಿ ನಿಂತರೆ ಊರಿನವರ ಕಣ್ಣಿಗೆ ಬೀಳುವ ಭಯ; ಅದಕ್ಕೇ ತಮ್ಮ ಜಿಲ್ಲೆ ಬಿಟ್ಟು ಪಕ್ಕದ ಜಿಲ್ಲೆಗೆ ಹೋಗುವವರೂ ಇದ್ದಾರೆ. ಎರಡಕ್ಕೂ ದಾರಿ ಇದೆ, ಕೇಳಿ ಪಡೆಯಬೇಕು: ಆರೋಗ್ಯ ಸ್ಥಿರವಾಗಿದ್ದರೆ ಮೂರು ತಿಂಗಳ ಔಷಧ ಒಟ್ಟಿಗೆ ಸಿಗುತ್ತದೆ, ಊರಿಗೆ ಹತ್ತಿರದ ಲಿಂಕ್ ಎಆರ್‌ಟಿ ಕೇಂದ್ರಕ್ಕೂ (ದೊಡ್ಡ ಕೇಂದ್ರದ ಔಷಧ ಕೊಡುವ ಉಪಕೇಂದ್ರ) ಜೋಡಿಸಿಕೊಡುತ್ತಾರೆ. ಒಬ್ಬರೇ ಹೋಗಲು ಹಿಂಜರಿಕೆಯೇ? ಮೈಸೂರಿನಲ್ಲಿ ಲೈಂಗಿಕ ಕಾರ್ಯಕರ್ತರೇ ಕಟ್ಟಿದ ಆಶೋದಯ ಸಮಿತಿಯಿದೆ. ಬೈದು ಬುದ್ಧಿ ಹೇಳುವ ಸಮಾಲೋಚಕರು ಎದುರಾದರೆ ಮಾತ್ರೆ ಬಿಡಬೇಡಿ, ವೈದ್ಯಾಧಿಕಾರಿಗೆ ಹೇಳಿ. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್‌ಐವಿ ಕಾಯ್ದೆ ಗುಟ್ಟು ಕಾಯುವುದನ್ನು ಅವರ ಹೊಣೆ ಮಾಡಿದೆ. ಸೋಂಕಿದೆ ಎಂದು ಕೆಲಸದಿಂದ ತೆಗೆಯುವುದಾಗಲಿ ಬಾಡಿಗೆ ಮನೆ ಬಿಡಿಸುವುದಾಗಲಿ ಅದರ ಪ್ರಕಾರ ತಪ್ಪು.

ರಕ್ತದಲ್ಲಿ ವೈರಸ್ ಎಷ್ಟಿದೆ ಎಂದು ಅಳೆಯುವ ವೈರಲ್ ಲೋಡ್ ಪರೀಕ್ಷೆ ಔಷಧ ಶುರುವಾದ ಆರನೇ ತಿಂಗಳು, ಹನ್ನೆರಡನೇ ತಿಂಗಳು, ಆಮೇಲೆ ವರ್ಷಕ್ಕೊಮ್ಮೆ. ದಿನಾಂಕ ನೀವೇ ಬರೆದಿಟ್ಟುಕೊಳ್ಳಿ, ಫಲಿತಾಂಶವನ್ನು ಬಾಯಿಬಿಟ್ಟು ಕೇಳಿ. ಒಂದು ಮಿಲಿಲೀಟರ್ ರಕ್ತದಲ್ಲಿ ವೈರಸ್ ಎಣಿಕೆ 1000ಕ್ಕಿಂತ ಹೆಚ್ಚು ಬಂದರೆ ಮೊದಲು ಮಾತ್ರೆ ತಪ್ಪಿದ ಕಾರಣ ಹುಡುಕಿ, ಸರಿಪಡಿಸಿ, ಮತ್ತೆ ಪರೀಕ್ಷೆ ಮಾಡುತ್ತಾರೆ. ಬಂದ ತಕ್ಷಣ ಔಷಧ ಬದಲಿಸುವುದಿಲ್ಲ. ಪತ್ತೆಯಾಗದ ಮಟ್ಟಕ್ಕೆ ಇಳಿದು ಅಲ್ಲೇ ನಿಂತರೆ ಲೈಂಗಿಕ ಸಂಪರ್ಕದಿಂದ ಸೋಂಕು ದಾಟುವುದಿಲ್ಲ. ಇದನ್ನು ಪ್ರತಿ ದಂಪತಿಗೂ ಮೊದಲ ಭೇಟಿಯಲ್ಲೇ ಬಿಡಿಸಿ ಹೇಳಬೇಕು.

ಕೆಲಸಕ್ಕೆ ಬೆಂಗಳೂರಿಗೋ ಕೊಡಗಿಗೋ ಹೊರಟವರು ಕೇಂದ್ರದಲ್ಲಿ ಕೊಟ್ಟ ಹಸಿರು ಚಿಕಿತ್ಸಾ ಪುಸ್ತಕ ಮರೆಯದೆ ಜೊತೆಗಿಟ್ಟುಕೊಳ್ಳಿ. ಪೂರ್ತಿ ಊರು ಬದಲಿಸುವವರು ವರ್ಗಾವಣೆ ಬರೆಸಿಕೊಂಡೇ ಹೋಗಿ. ಹತ್ತಿರದ ಕೇಂದ್ರ ಯಾವುದೆಂದು ತಿಳಿಯಲು 1097ಕ್ಕೆ ಫೋನ್ ಮಾಡಿ, ದುಡ್ಡು ಬೀಳುವುದಿಲ್ಲ.