ಅಪ್ಪನ ಫಿಯಟ್, ನನ್ನ ಮಾರುತಿ 800: ಜಾಗ ಒಂದಕ್ಕೇ

ಬಸವನಗುಡಿಯ ನಮ್ಮ ಮನೆಯಲ್ಲಿ ಈಗ ಒಂದು ಕಾರಿಗಷ್ಟೇ ಜಾಗ. ಇರುವುದು ಎರಡು. ಒಂದು ಅಪ್ಪ 1979ರಲ್ಲಿ ತಂದ ಪ್ರೀಮಿಯರ್ ಪದ್ಮಿನಿ. ಮನೆಯಲ್ಲಿ ಯಾರೂ ಅದನ್ನು ಪದ್ಮಿನಿ ಅನ್ನುವುದಿಲ್ಲ, ನಮಗೆ ಅದು ಫಿಯಟ್ಟೇ. ಇನ್ನೊಂದು 1996ರಲ್ಲಿ ನಾನು ದುಡ್ಡು ಕೂಡಿಟ್ಟು ಕೊಂಡ ಮಾರುತಿ 800. ಒಂದು ಗಾಡಿ ತುಮಕೂರಿನ ಚಿಕ್ಕಪ್ಪನ ಮನೆಯ ಶೆಡ್ಡಿಗೆ ಹೋಗಲೇಬೇಕು.

ಯಾವುದು ಅಂತ ತೀರ್ಮಾನಿಸಲು ಒಂದು ಭಾನುವಾರ ಫಿಯಟ್‌ನಲ್ಲಿ, ಮುಂದಿನ ಭಾನುವಾರ ಮಾರುತಿಯಲ್ಲಿ ತುಮಕೂರಿನ ಹತ್ತಿರದ ದೇವರಾಯನದುರ್ಗ ಬೆಟ್ಟಕ್ಕೆ ಹೋಗಿಬಂದೆವು. ಅದೇ ದಾರಿ, ಅದೇ ಹೊತ್ತು. ಜೊತೆಗೆ 82ರ ಅಪ್ಪ, ಹೊಸದಾಗಿ ಲೈಸೆನ್ಸ್ ಪಡೆದ ಮಗಳು.

ಫಿಯಟ್‌ನಲ್ಲಿ ಮೂವರೂ ಮುಂದೆಯೇ ಕೂತೆವು. ಮುಂದಿನ ಸೀಟು ಉದ್ದಕ್ಕೆ ಒಂದೇ, ಗೇರ್ ಕಡ್ಡಿ ಸ್ಟೀರಿಂಗ್ ಪಕ್ಕದಲ್ಲಿ. ಊರು ದಾಟಿ ರಸ್ತೆ ಖಾಲಿಯಾದ ಮೇಲೆ ಮಗಳ ಕೈಗೆ ಕೊಟ್ಟೆ. ಎರಡನೇ ಗೇರಿಗೆ ಅವಳು ಒದ್ದಾಡಿದಳು. ಅಪ್ಪ ಅವಳ ಕೈಮೇಲೆ ಕೈಯಿಟ್ಟರು. "ತಳ್ಳಬೇಡ ಪುಟ್ಟಿ. ಬೆರಳಲ್ಲಿ ಹಿಡಿ, ತಾನೇ ಬೀಳುತ್ತೆ." ಬಿತ್ತು. ಪಕ್ಕದ ತ್ರಿಕೋನದ ಪುಟ್ಟ ಕಿಟಕಿಯನ್ನು ಸ್ವಲ್ಪ ತಿರುಗಿಸಿದರೆ ಗಾಳಿ ನೇರ ಮುಖಕ್ಕೇ ಹೊಡೆಯುತ್ತದೆ. ಅದರ ಮುಂದೆ ಎ.ಸಿ. ಯಾಕೆ ಬೇಕು, ಅಲ್ವಾ?

ಕಷ್ಟ ಬಂದದ್ದು ವಾಪಸ್ ಬರುವಾಗ. ಬಿಸಿಲೇರಿದ ಮೇಲೆ ನೆಲಮಂಗಲದ ಹತ್ತಿರ ಟ್ರಾಫಿಕ್‌ನಲ್ಲಿ ನಿಂತು ನಿಂತು ಇಂಜಿನ್ ಆಫ್ ಆಯಿತು. ಕಾರ್ಬ್ಯುರೇಟರ್ ಕಾಲದ ಗಾಡಿಗಳಿಗೆ ಇದು ಹೊಸದಲ್ಲ. ಪೈಪಿನಲ್ಲಿರುವ ಪೆಟ್ರೋಲ್ ಕಾದು ಆವಿಯಾಗುತ್ತದೆ, ಪಂಪಿಗೆ ಆವಿಯನ್ನು ಎಳೆಯಲು ಆಗುವುದಿಲ್ಲ. ಅಪ್ಪ ಗಾಬರಿಯಾಗಲಿಲ್ಲ. ಡಿಕ್ಕಿಯಿಂದ ಹಳೆಯ ಪಂಚೆಯ ತುಂಡು ತೆಗೆದು, ನೀರಲ್ಲಿ ಅದ್ದಿ ಪಂಪಿನ ಮೇಲೆ ಸುತ್ತಿದರು. 15 ನಿಮಿಷ ಕಾದೆವು. ಸ್ಟಾರ್ಟ್ ಆಯಿತು.

ಮಾರುತಿಗೆ ಇಂಥ ಯಾವ ಉಪಚಾರವೂ ಬೇಕಾಗಲಿಲ್ಲ. 796 ಸಿಸಿ, ಮೂರೇ ಸಿಲಿಂಡರ್. ಫಿಯಟ್‌ನದು 1089 ಸಿಸಿ, ನಾಲ್ಕು ಸಿಲಿಂಡರ್. ಆದರೂ ಮೈ ಹಗುರವಾದ್ದರಿಂದ ಮಾರುತಿ ಘಾಟಿಯನ್ನು ಸಲೀಸಾಗಿ ಹತ್ತಿತು. ಕ್ಲಚ್ ಮೃದು, ತಿರುವು ಚಿಕ್ಕದು. ಮಗಳು ಅದನ್ನು ಗಾಂಧಿ ಬಜಾರಿನ ಸಂದಿಯಲ್ಲೂ ಒಂದೇ ಸಲಕ್ಕೆ ತಿರುಗಿಸುತ್ತಾಳೆ. ನನ್ನ ಲೆಕ್ಕದಲ್ಲಿ ಲೀಟರಿಗೆ 16 ಕಿಲೋಮೀಟರ್ ಬಂತು, ಫಿಯಟ್‌ಗೆ 11. ಚಕ್ರ ಪುಟ್ಟದು, ಹಾಗಾಗಿ ಹಳ್ಳ ಬಂದರೆ ಸೊಂಟಕ್ಕೇ ಗೊತ್ತಾಗುತ್ತದೆ. ಹಿಂದೆ ಕೂತ ಅಪ್ಪ ಮಂಡಿ ಮಡಚಿಕೊಂಡು ದಾರಿಯುದ್ದಕ್ಕೂ ಸುಮ್ನೆ ಇದ್ದರು. ಹೇಳಿಕೊಡಲು ಅವರಿಗೆ ಏನೂ ಉಳಿದಿರಲಿಲ್ಲ.

ಎರಡೂ ಸಲ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಗೆ ನಿಲ್ಲಿಸಿದೆವು. ಫಿಯಟ್ ಹತ್ತಿರ ಒಬ್ಬ ಹಿರಿಯರು ಬಂದು ಆ ತ್ರಿಕೋನದ ಕಿಟಕಿಯನ್ನು ತೆರೆದು ಮುಚ್ಚಿ ನೋಡಿದರು. "ನಮ್ಮ ಯಜಮಾನರ ಹತ್ರ ಇತ್ತು. ನಾನೇ ಡ್ರೈವರ್" ಅಂದರು. ಇಡ್ಲಿ ಆರಿಹೋಗುವಷ್ಟು ಹೊತ್ತು ಅವರೂ ಅಪ್ಪನೂ ಮಾತಾಡಿದರು. ಮಾರುತಿಯ ಹತ್ತಿರ ಬಂದವರು ನನ್ನ ವಯಸ್ಸಿನ ಗಂಡ ಹೆಂಡತಿ. "ನಮ್ಮ ಮೊದಲ ಕಾರು ಇದೇ. ಮಾರಬಾರದಿತ್ತು" ಅಂದರು ಆಕೆ. 1983ರ ಡಿಸೆಂಬರ್‌ನಲ್ಲಿ ಬಂದ ಈ ಕಾರಿನ ತಯಾರಿ 2014ರಲ್ಲಿ ನಿಂತಿತು. ಆ 30 ವರ್ಷದಲ್ಲಿ ಎಷ್ಟು ಮನೆಗಳು ಇದರಲ್ಲೇ ಮೊದಲ ಸಲ ಕಾರು ಹತ್ತಿದವೋ.

ಕಾಗದಪತ್ರದಲ್ಲಿ ಎರಡೂ ಒಂದೇ. 15 ವರ್ಷ ದಾಟಿದ್ದರಿಂದ 5 ವರ್ಷಕ್ಕೊಮ್ಮೆ ಎಫ್‌ಸಿ (ಫಿಟ್‌ನೆಸ್ ಪರೀಕ್ಷೆ) ಮಾಡಿಸಿ ಆರ್‌ಸಿ (ನೋಂದಣಿ ಪತ್ರ) ನವೀಕರಿಸಬೇಕು. ಫಿಯಟ್ 2029ಕ್ಕೆ 50 ಮುಟ್ಟುತ್ತದೆ, ಆಗ ವಿಂಟೇಜ್ ಅಂತ ನೋಂದಾಯಿಸಬಹುದು. ಆದರೆ ಹಾಗೆ ಮಾಡಿದರೆ ದಿನಾ ಓಡಿಸುವ ಹಾಗಿಲ್ಲ. ನನಗೆ ಅದು ಬೇಡ. ಎಥನಾಲ್ ಬೆರೆತ ಪೆಟ್ರೋಲ್ ಹಳೆಯ ರಬ್ಬರನ್ನು ತಿನ್ನುತ್ತದೆ, ಅದಕ್ಕೆ ಎರಡರ ಪೆಟ್ರೋಲ್ ಪೈಪುಗಳನ್ನೂ ಜೆ.ಸಿ. ರಸ್ತೆಯಿಂದ ತಂದು ಬದಲಾಯಿಸಿದ್ದೇನೆ.

ಓಡಿಸಲು ಮಾರುತಿಯೇ ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಆದರೂ ಮನೆಯಲ್ಲಿ ಉಳಿದದ್ದು ಫಿಯಟ್. ಮಾರುತಿ ತಿಂಗಳುಗಟ್ಟಲೆ ಶೆಡ್ಡಿನಲ್ಲಿದ್ದರೂ ಬ್ಯಾಟರಿ ಕೊಟ್ಟರೆ ಎದ್ದು ನಿಲ್ಲುತ್ತದೆ, ರಿಪೇರಿ ಯಾವ ಊರಲ್ಲಾದರೂ ಆಗುತ್ತದೆ. ಫಿಯಟ್‌ನ ಮರ್ಮ ಗೊತ್ತಿರುವುದು ಅಪ್ಪನಿಗೆ ಮಾತ್ರ. ಮಗಳು ಅದನ್ನು ಕಲಿಯಬೇಕಾದರೆ ಈಗಲೇ ಕಲಿಯಬೇಕು. ಈಗ ಶನಿವಾರ ಸಂಜೆ ಅಜ್ಜ, ಮೊಮ್ಮಗಳು ಬಾನೆಟ್ ಎತ್ತಿಕೊಂಡು ನಿಲ್ಲುತ್ತಾರೆ. ಪ್ಲಗ್ ಬಿಚ್ಚಿ ಉಜ್ಜುವುದು ಅವಳ ಕೆಲಸ.

ಮಾರುತಿಯನ್ನು ತುಮಕೂರಿಗೆ ನಾನೊಬ್ಬನೇ ಓಡಿಸಿಕೊಂಡು ಹೋದೆ. ಹಾಡು ಹಾಕಲಿಲ್ಲ. ಕಿಟಕಿ ಇಳಿಸಿ, ಆ ಮೂರು ಸಿಲಿಂಡರಿನ ಸದ್ದನ್ನೇ ಕೇಳಿಕೊಂಡು ಹೋದೆ.