ಒಂದೇ ಸೀಟು, ಬೇರೆ ಬೇರೆ ಬಿಲ್ಲು: ಅವಾರ್ಡ್ ಟಿಕೆಟ್‌ನ ಫ್ಯುಯೆಲ್ ಸರ್‌ಚಾರ್ಜ್ ಹೋಲಿಸಿ ನೋಡಿದೆ

ಮೊದಲ ಸಲ ಮೈಲ್ಸ್, ಅಂದರೆ ಏರ್‌ಲೈನ್ ತನ್ನ ಗ್ರಾಹಕರಿಗೆ ಕೊಡುವ ಪಾಯಿಂಟ್ಸ್, ಕೊಟ್ಟು ಟಿಕೆಟ್ ತೆಗೆಯಲು ಕೂತಾಗ ನನ್ನ ಖಾತೆಯಲ್ಲಿ ಮೂರು ವರ್ಷ ಕೂಡಿಟ್ಟ ಮೈಲ್ಸ್ ಇದ್ದವು. ಬೇಕಾದ ವಿಮಾನ ಸಿಕ್ಕಿತು, ದಿನ ಹೊಂದಿತು, ಸೀಟೂ ಇತ್ತು. ಕೊನೆಯ ಪುಟಕ್ಕೆ ಬಂದರೆ ಮೈಲ್ಸ್ ಪಕ್ಕದಲ್ಲಿ ಒಂದು ಪ್ಲಸ್ ಗುರುತು, ಅದರ ಮುಂದೆ ಒಂದು ದೊಡ್ಡ ಮೊತ್ತ. ‘ತೆರಿಗೆ ಮತ್ತು ಶುಲ್ಕ’ ಅಂತ ಒಂದೇ ಸಾಲು. ಆ ಸಾಲಿನ ತುದಿಯಲ್ಲಿದ್ದ ಸಣ್ಣ ಬಾಣ ಒತ್ತಿದೆ. ವಿಮಾನ ನಿಲ್ದಾಣದ ಶುಲ್ಕ, ಭದ್ರತೆಯ ಶುಲ್ಕ, ಸರ್ಕಾರದ ತೆರಿಗೆ ಎಲ್ಲ ಕೂಡಿದರೂ ಕಾಲು ಭಾಗ ಆಗಲಿಲ್ಲ. ಉಳಿದ ಮುಕ್ಕಾಲು ಭಾಗ ಏರ್‌ಲೈನ್ ತಾನೇ ಹಾಕಿಕೊಂಡ ಸರ್‌ಚಾರ್ಜ್. ಅದಕ್ಕೂ ತೆರಿಗೆಗೂ ಸಂಬಂಧವೇ ಇರಲಿಲ್ಲ.

ಅವತ್ತು ದುಡ್ಡು ಕೊಟ್ಟುಬಿಟ್ಟೆ. ಬೇರೆ ದಾರಿ ಇದೆ ಅಂತ ಗೊತ್ತಿರಲಿಲ್ಲ. ಆಮೇಲೆ ತಿಳಿದದ್ದು ಇಷ್ಟು: ಅದೇ ವಿಮಾನದ ಅದೇ ಸೀಟನ್ನು ಬೇರೆ ಏರ್‌ಲೈನ್‌ನ ಮೈಲ್ಸ್ ಕೊಟ್ಟು ತೆಗೆದಿದ್ದರೆ ಆ ಮುಕ್ಕಾಲು ಭಾಗ ಕಟ್ಟಬೇಕಾಗಿಯೇ ಇರಲಿಲ್ಲ. ಅಂದಿನಿಂದ ಮೈಲ್ಸ್ ಕೊಟ್ಟು ಪಡೆಯುವ ಟಿಕೆಟ್, ಅಂದರೆ ಅವಾರ್ಡ್ ಟಿಕೆಟ್, ಯಾವುದನ್ನು ತೆಗೆಯುವಾಗಲೂ ಮೂರು ನಾಲ್ಕು ಕಡೆ ಹೋಲಿಸಿ ನೋಡದೆ ದುಡ್ಡು ಕೊಡುವುದಿಲ್ಲ.

ಈ ಸರ್‌ಚಾರ್ಜ್ ಹುಟ್ಟಿದ್ದು ಎಲ್ಲಿಂದ ಅಂತ ಸ್ವಲ್ಪ ಹೇಳಲೇಬೇಕು. ಇದು ಮೊದಲು ಬಂದದ್ದು ‘ಫ್ಯುಯೆಲ್ ಸರ್‌ಚಾರ್ಜ್’, ಅಂದರೆ ಇಂಧನದ ಹೆಸರಿನ ಹೆಚ್ಚುವರಿ ಶುಲ್ಕ, ಅಂತ. 2004ರಲ್ಲಿ ಎಣ್ಣೆ ಬೆಲೆ ಏರುತ್ತಿದ್ದಾಗ ಬ್ರಿಟಿಷ್ ಏರ್‌ವೇಸ್ ಒಂದು ಕಡೆಯ ಪ್ರಯಾಣಕ್ಕೆ ಎರಡೂವರೆ ಪೌಂಡ್ ಸೇರಿಸಿತು. 2006ರ ಹೊತ್ತಿಗೆ ದೂರದ ಪ್ರಯಾಣಕ್ಕೆ ಹೋಗಿಬರಲು ಅದು 60 ಪೌಂಡ್ ಆಗಿತ್ತು. ಈ ಮೊತ್ತದ ಬಗ್ಗೆ ಪ್ರತಿಸ್ಪರ್ಧಿ ವರ್ಜಿನ್ ಅಟ್ಲಾಂಟಿಕ್ ಜೊತೆ ಒಳಗೊಳಗೇ ಮಾತಾಡಿಕೊಂಡದ್ದು ಹೊರಬಿದ್ದು, 2007ರಲ್ಲಿ ಬ್ರಿಟನ್ನಿನಲ್ಲಿ ಬ್ರಿಟಿಷ್ ಏರ್‌ವೇಸ್‌ಗೆ 12.15 ಕೋಟಿ ಪೌಂಡ್ ದಂಡ ಬಿತ್ತು. ಆ ದಂಡ ಆಮೇಲೆ ಕಮ್ಮಿಯಾಯಿತು. 2008ರ ಜುಲೈನಲ್ಲಿ ಕಚ್ಚಾ ತೈಲ ಬ್ಯಾರಲ್‌ಗೆ 147 ಡಾಲರ್ ಮುಟ್ಟಿತ್ತು. 2016ರ ಜನವರಿಯಲ್ಲಿ 30 ಡಾಲರ್‌ಗಿಂತ ಕೆಳಗೆ ಬಂತು. ಆಗಲಾದರೂ ಸರ್‌ಚಾರ್ಜ್ ಹೋಗಬೇಕಿತ್ತು ಅಲ್ವಾ? ಹೋಗಲಿಲ್ಲ. ಎಷ್ಟೋ ಏರ್‌ಲೈನ್‌ಗಳು ‘ಫ್ಯುಯೆಲ್’ ಅನ್ನುವ ಪದ ತೆಗೆದು ‘ಏರ್‌ಲೈನ್ ವಿಧಿಸುವ ಶುಲ್ಕ’ ಅಂತ ಹೆಸರು ಬದಲಿಸಿದವು. ಟಿಕೆಟ್‌ನಲ್ಲಿ ಅದರ ಗುರುತು ಮಾತ್ರ ಹಳೆಯದೇ: ವೈಕ್ಯೂ ಅಥವಾ ವೈಆರ್ ಅನ್ನುವ ಎರಡಕ್ಷರ.

ಈಗ ಹೋಲಿಕೆಗೆ ಬರುತ್ತೇನೆ. 2024ರಲ್ಲಿ ಫ್ರಾಂಕ್‌ಫರ್ಟ್‌ನಿಂದ ನ್ಯೂಯಾರ್ಕ್‌ಗೆ ಲುಫ್ತಾನ್ಸಾದ ಬಿಸಿನೆಸ್ ಕ್ಲಾಸ್, ಒಂದು ಕಡೆಯ ಪ್ರಯಾಣ. ಒಂದೇ ವಿಮಾನ, ಒಂದೇ ದಿನ. ಮೂರು ಪ್ರೋಗ್ರಾಮ್‌ಗಳ ಪುಟಗಳನ್ನು ಅಕ್ಕಪಕ್ಕ ತೆರೆದಿಟ್ಟುಕೊಂಡೆ.

ಲುಫ್ತಾನ್ಸಾದ ಸ್ವಂತ ಪ್ರೋಗ್ರಾಮ್ ಆದ ಮೈಲ್ಸ್ ಅಂಡ್ ಮೋರ್‌ನಲ್ಲಿ 56,000 ಮೈಲ್ಸ್. ಜೊತೆಗೆ ತೆರಿಗೆ, ಅದರ ಮೇಲೆ ಸುಮಾರು 400 ಯೂರೋ ಸರ್‌ಚಾರ್ಜ್. ಯುನೈಟೆಡ್‌ನ ಮೈಲೇಜ್‌ಪ್ಲಸ್‌ನಲ್ಲಿ 88,000 ಮೈಲ್ಸ್ ಮತ್ತು ತೆರಿಗೆ ಅಷ್ಟೇ. ಯುನೈಟೆಡ್ ತನ್ನ ಜೊತೆ ಒಪ್ಪಂದ ಇರುವ ಯಾವ ಪಾರ್ಟ್ನರ್ ಏರ್‌ಲೈನ್‌ನ ಅವಾರ್ಡ್ ಟಿಕೆಟ್‌ಗೂ ಸರ್‌ಚಾರ್ಜ್ ಹಾಕುವುದಿಲ್ಲ. ಏರ್ ಕೆನಡಾದ ಏರೋಪ್ಲಾನ್‌ನಲ್ಲಿ 60,000 ಪಾಯಿಂಟ್ಸ್, ತೆರಿಗೆ, ಮತ್ತೆ ಪಾರ್ಟ್ನರ್ ಬುಕಿಂಗ್‌ಗೆ ಅಂತ 39 ಕೆನಡಾ ಡಾಲರ್. 2020ರ ನವೆಂಬರ್‌ನಲ್ಲಿ ಹೊಸ ರೂಪದಲ್ಲಿ ಬಂದಾಗಿನಿಂದ ಏರೋಪ್ಲಾನ್ ಕೂಡ ಸರ್‌ಚಾರ್ಜ್ ಕೈಬಿಟ್ಟಿದೆ. ಆವಿಯಾಂಕಾದ ಲೈಫ್‌ಮೈಲ್ಸ್ ಕೂಡ ಇದೇ ಸಾಲಿಗೆ ಸೇರುತ್ತದೆ, ಆದರೆ ನನಗೆ ಬೇಕಾದ ದಿನ ಅಲ್ಲಿ ಆ ಸೀಟು ಕಾಣಲಿಲ್ಲ.

ಮೊದಲ ನೋಟಕ್ಕೆ ‘ಸರ್‌ಚಾರ್ಜ್ ಇಲ್ಲದ್ದೇ ಒಳ್ಳೆಯದು’ ಅನಿಸುತ್ತದೆ. ನಾನೂ ಹಾಗೇ ಅಂದುಕೊಂಡಿದ್ದೆ. ಒಂದು ಹಾಳೆ ತಗೊಂಡು ಲೆಕ್ಕ ಹಾಕಿದಾಗ ಬೇರೆಯೇ ಕಂಡಿತು.

ಯುನೈಟೆಡ್‌ನಲ್ಲಿ ತೆಗೆದರೆ 400 ಯೂರೋ ಉಳಿಯುತ್ತದೆ, ನಿಜ. ಅದಕ್ಕೆ ನಾನು 32,000 ಮೈಲ್ಸ್ ಜಾಸ್ತಿ ಕೊಡಬೇಕು. 400 ಯೂರೋ ಅಂದರೆ 40,000 ಸೆಂಟ್. 32,000ದಿಂದ ಭಾಗಿಸಿದರೆ ಒಂದು ಮೈಲಿಗೆ ಒಂದೂ ಕಾಲು ಸೆಂಟ್. ನಾನು ನನ್ನ ಮೈಲಿಗೆ ಕಟ್ಟುವ ಬೆಲೆ ಒಂದೂವರೆ ಸೆಂಟ್. ಅಂದಮೇಲೆ ಸರ್‌ಚಾರ್ಜ್ ಕಟ್ಟಿ ಸ್ವಂತ ಪ್ರೋಗ್ರಾಮ್‌ನಲ್ಲಿ ತೆಗೆಯುವುದೇ ನನಗೆ ಅಗ್ಗ! ಸರ್‌ಚಾರ್ಜ್ ಇಲ್ಲ ಅನ್ನುವ ಪ್ರೋಗ್ರಾಮ್ ಅದೇ ದುಡ್ಡನ್ನು ಮೈಲ್ಸ್ ರೂಪದಲ್ಲಿ ತೆಗೆದುಕೊಳ್ಳುತ್ತಿತ್ತು. ದುಡ್ಡು ಹೋದರೆ ಕಣ್ಣಿಗೆ ಕಾಣುತ್ತದೆ, ಮೈಲ್ಸ್ ಹೋದರೆ ಅಷ್ಟಾಗಿ ಕಾಣುವುದಿಲ್ಲ. ಅದಕ್ಕೇ ಈ ಭಾಗಾಕಾರ ಮಾಡದೆ ಯಾರೂ ಬುಕ್ ಮಾಡಬೇಡಿ ಅಂತ ಕೇಳಿಕೊಳ್ಳುತ್ತೇನೆ.

ಏರೋಪ್ಲಾನ್‌ನ ಲೆಕ್ಕವೇ ಬೇರೆ. ಅಲ್ಲಿ ಜಾಸ್ತಿ ಕೊಡಬೇಕಾದದ್ದು 4,000 ಪಾಯಿಂಟ್ಸ್ ಮಾತ್ರ. ಬುಕಿಂಗ್ ಶುಲ್ಕ ಕಳೆದರೂ ಒಂದೊಂದು ಪಾಯಿಂಟ್‌ಗೆ ಒಂಬತ್ತು ಸೆಂಟ್‌ಗಿಂತ ಜಾಸ್ತಿ ಉಳಿತಾಯ. ಇಷ್ಟು ಒಳ್ಳೆಯ ಬೆಲೆಗೆ ಪಾಯಿಂಟ್ಸ್ ಖರ್ಚು ಮಾಡುವ ಅವಕಾಶ ಅಪರೂಪ. ಎರಡನೇ ಯೋಚನೆ ಮಾಡದೆ ಅದನ್ನೇ ತೆಗೆದೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಈ ಅಂಕಿಗಳು ಅವತ್ತಿನವು. 2025ರಿಂದ ಮೈಲ್ಸ್ ಅಂಡ್ ಮೋರ್‌ನಲ್ಲಿ ಲುಫ್ತಾನ್ಸಾ ಗುಂಪಿನ ವಿಮಾನಗಳಿಗೆ ಬೇಡಿಕೆ ನೋಡಿಕೊಂಡು ಮೈಲ್ಸ್ ಏರಿಳಿಯುತ್ತದೆ. ಅಂಕಿ ಬದಲಾದರೂ ಲೆಕ್ಕ ಮಾಡುವ ರೀತಿ ಅದೇ. ಇನ್ನೊಂದು, ಸ್ವಂತ ಪ್ರೋಗ್ರಾಮ್‌ನವರಿಗೆ ಕಾಣುವಷ್ಟು ಸೀಟು ಪಾರ್ಟ್ನರ್‌ಗಳಿಗೆ ಕಾಣುವುದಿಲ್ಲ. ಸ್ವಿಸ್‌ನ ಫಸ್ಟ್ ಕ್ಲಾಸ್ ಅಂತೂ ಪಾರ್ಟ್ನರ್ ಮೈಲ್ಸ್‌ಗೆ ಸಿಗುವುದು ಬಹಳ ಕಷ್ಟ. ಆಗ ಸರ್‌ಚಾರ್ಜ್ ಕಟ್ಟುವುದೋ ಬಿಡುವುದೋ, ಅಷ್ಟೇ ಪ್ರಶ್ನೆ.

ಎರಡನೇ ಹೋಲಿಕೆ ಆವಿಯೋಸ್‌ನದು. ಇದು ಹಲವು ಏರ್‌ಲೈನ್‌ಗಳು ಒಟ್ಟಾಗಿ ಬಳಸುವ ಪಾಯಿಂಟ್ಸ್. ಇಲ್ಲಿ ಪಾಯಿಂಟ್ಸ್ ಒಂದೇ, ಖಾತೆಗಳು ಹಲವು. ಬ್ರಿಟಿಷ್ ಏರ್‌ವೇಸ್, ಐಬೀರಿಯಾ, ಏರ್ ಲಿಂಗಸ್ ಮುಂಚೆಯೇ ಇದ್ದವು. 2022ರಲ್ಲಿ ಕತಾರ್ ಏರ್‌ವೇಸ್ ಸೇರಿತು, 2024ರಲ್ಲಿ ಫಿನ್‌ಏರ್. ಲಂಡನ್‌ನಿಂದ ನ್ಯೂಯಾರ್ಕ್‌ಗೆ ಬ್ರಿಟಿಷ್ ಏರ್‌ವೇಸ್ ಬಿಸಿನೆಸ್ ಕ್ಲಾಸ್, ಮ್ಯಾಡ್ರಿಡ್‌ನಿಂದ ನ್ಯೂಯಾರ್ಕ್‌ಗೆ ಐಬೀರಿಯಾದ ಬಿಸಿನೆಸ್ ಕ್ಲಾಸ್, ಎರಡನ್ನೂ ಇಟ್ಟು ನೋಡಿದೆ. ಐಬೀರಿಯಾದಲ್ಲಿ ಆವಿಯೋಸ್ ಕೂಡ ಕಮ್ಮಿ, ಜೇಬಿನಿಂದ ಹೋಗುವ ದುಡ್ಡೂ ಬಹಳ ಕಮ್ಮಿ. ಇದಕ್ಕೆ ಎರಡು ಕಾರಣ. ಐಬೀರಿಯಾದ ಸರ್‌ಚಾರ್ಜ್ ಚಿಕ್ಕದು. ಲಂಡನ್‌ನಿಂದ ಹೊರಟರೆ ಬ್ರಿಟಿಷ್ ಸರ್ಕಾರದ ಏರ್ ಪ್ಯಾಸೆಂಜರ್ ಡ್ಯೂಟಿ ಬೇರೆ ಬೀಳುತ್ತದೆ. ಆ ಡ್ಯೂಟಿ ನಿಜವಾದ ತೆರಿಗೆ, ಯಾವ ಪ್ರೋಗ್ರಾಮ್‌ನಲ್ಲಿ ಬುಕ್ ಮಾಡಿದರೂ ತಪ್ಪುವುದಿಲ್ಲ. ದೂರದ ಪ್ರಯಾಣಕ್ಕೆ, ಅದರಲ್ಲೂ ಎಕಾನಮಿಗಿಂತ ಮೇಲಿನ ಕ್ಲಾಸ್‌ಗೆ, ಅದು ಜಾಸ್ತಿ. ಹಾಗಾಗಿ ಲಂಡನ್ ಟಿಕೆಟ್‌ನ ಪೂರ್ತಿ ಮೊತ್ತವನ್ನು ಸರ್‌ಚಾರ್ಜ್ ಅಂತ ಬೈಯುವುದು ತಪ್ಪು. ಎರಡನ್ನೂ ಬಿಡಿಸಿ ನೋಡಬೇಕು.

ಬ್ರಿಟಿಷ್ ಏರ್‌ವೇಸ್‌ನಲ್ಲಿ ಒಂದು ಅನುಕೂಲ ನಿಜಕ್ಕೂ ಇಷ್ಟವಾಯಿತು. ಬುಕ್ ಮಾಡುವಾಗ ಆವಿಯೋಸ್ ಜಾಸ್ತಿ ದುಡ್ಡು ಕಮ್ಮಿ, ಆವಿಯೋಸ್ ಕಮ್ಮಿ ದುಡ್ಡು ಜಾಸ್ತಿ ಅಂತ ಹಲವು ಜೋಡಿಗಳನ್ನು ತೋರಿಸುತ್ತದೆ. ಮೇಲಿನ ಭಾಗಾಕಾರವನ್ನು ಅಲ್ಲಿಯೇ ಮಾಡಬಹುದು. ಒಂದು ಜೋಡಿಯಿಂದ ಇನ್ನೊಂದಕ್ಕೆ ಹೋದಾಗ ಎಷ್ಟು ದುಡ್ಡು ಇಳಿಯಿತು, ಎಷ್ಟು ಆವಿಯೋಸ್ ಏರಿತು, ಅಷ್ಟೇ.

ಒಂದು ಎಚ್ಚರಿಕೆ. ಆವಿಯೋಸ್ ಅನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ ಒಂದಕ್ಕೆ ಒಂದರಂತೆ ಸಾಗಿಸಬಹುದು, ಆದರೆ ಎರಡೂ ಖಾತೆಯ ವಿವರ ಹೊಂದಬೇಕು. ನನ್ನ ಎರಡು ಖಾತೆಗಳಲ್ಲಿ ಒಂದರಲ್ಲಿ ಇನಿಷಿಯಲ್, ಇನ್ನೊಂದರಲ್ಲಿ ಪೂರ್ತಿ ಹೆಸರು. ಜೋಡಣೆ ಆಗಲಿಲ್ಲ. ಸರಿಪಡಿಸುವಷ್ಟರಲ್ಲಿ ಸೀಟು ಹೋಗಿತ್ತು. ಖಾತೆ ತೆರೆಯುವ ದಿನವೇ ಎಲ್ಲ ಕಡೆ ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೆ ಹೆಸರು ಹಾಕಿ.

ಅಮೆರಿಕನ್ ಏರ್‌ಲೈನ್ಸ್‌ನ ಮೈಲ್ಸ್ ಇರುವವರು ವಿಮಾನ ನೋಡಿ ಆರಿಸಬೇಕು. ಅದೇ ಮೈಲ್ಸ್ ಕೊಟ್ಟು ಬ್ರಿಟಿಷ್ ಏರ್‌ವೇಸ್‌ನಲ್ಲಿ ಹೋದರೆ ದೊಡ್ಡ ಸರ್‌ಚಾರ್ಜ್ ಬರುತ್ತದೆ. ಜಪಾನ್ ಏರ್‌ಲೈನ್ಸ್, ಕ್ಯಾಥೇ ಪೆಸಿಫಿಕ್, ಕತಾರ್‌ನಲ್ಲಿ ಹೋದರೆ ಬರುವುದಿಲ್ಲ.

ಜಪಾನಿನ ಏರ್‌ಲೈನ್‌ಗಳ ರೀತಿಯನ್ನು ನಾನು ಮೆಚ್ಚುತ್ತೇನೆ. ಜಪಾನ್ ಏರ್‌ಲೈನ್ಸ್ ಮತ್ತು ಎಎನ್‌ಎ ತಮ್ಮದೇ ಮೈಲ್ಸ್‌ನ ಟಿಕೆಟ್‌ಗೂ ಫ್ಯುಯೆಲ್ ಸರ್‌ಚಾರ್ಜ್ ತೆಗೆದುಕೊಳ್ಳುತ್ತವೆ, ನಿಜ. ಆದರೆ ಸಿಂಗಾಪುರದಲ್ಲಿ ವಿಮಾನದ ಇಂಧನದ ಬೆಲೆ ಎಷ್ಟಿದೆ ಅಂತ ನೋಡಿ ಎರಡು ತಿಂಗಳಿಗೊಮ್ಮೆ ಮೊತ್ತ ಬದಲಿಸುತ್ತವೆ, ಪಟ್ಟಿಯನ್ನು ಮುಂಚೆಯೇ ಪ್ರಕಟಿಸುತ್ತವೆ. ಎಣ್ಣೆ ಇಳಿದಾಗ 2016ರಲ್ಲೂ 2020ರಲ್ಲೂ ಸರ್‌ಚಾರ್ಜ್ ಸೊನ್ನೆಗೆ ಬಂದಿತ್ತು. ಲೆಕ್ಕಕ್ಕೆ ಬರುವುದು ಹಾರುವ ದಿನ ಅಲ್ಲ, ಟಿಕೆಟ್ ತೆಗೆದ ದಿನ. ಮುಂದಿನ ಪಟ್ಟಿಯಲ್ಲಿ ಮೊತ್ತ ಏರುತ್ತದೆ ಅಂತ ಕಂಡರೆ ಈ ವಾರವೇ ತೆಗೆಯಬಹುದು. ಇಳಿಯುತ್ತದೆ ಅಂತ ಕಂಡರೆ ಕಾಯಬಹುದು, ಸೀಟು ಹೋಗುವ ಅಪಾಯ ಮಾತ್ರ ನಮ್ಮದು. ಇದನ್ನು ನಿಜವಾದ ಫ್ಯುಯೆಲ್ ಸರ್‌ಚಾರ್ಜ್ ಅಂತ ಕರೆಯಬಹುದು. ಸಿಂಗಾಪುರ್ ಏರ್‌ಲೈನ್ಸ್ ಅಂತೂ 2017ರಲ್ಲಿ ತನ್ನ ಸ್ವಂತ ವಿಮಾನಗಳ ಅವಾರ್ಡ್ ಟಿಕೆಟ್‌ಗೆ ಇದನ್ನು ತೆಗೆದೇ ಹಾಕಿತು.

ಎಕಾನಮಿ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸರ್‌ಚಾರ್ಜ್ ಇರುವ ಪ್ರೋಗ್ರಾಮ್‌ನಲ್ಲಿ ಎಕಾನಮಿ ಟಿಕೆಟ್‌ಗೆ 30,000 ಮೈಲ್ಸ್ ಮತ್ತು 300 ಯೂರೋ ಕೇಳುತ್ತಾರೆ ಅಂದುಕೊಳ್ಳಿ. ಅದೇ ಟಿಕೆಟ್ ದುಡ್ಡಿಗೆ 420 ಯೂರೋ. 120 ಯೂರೋ ಉಳಿಸಲು 30,000 ಮೈಲ್ಸ್ ಸುಮ್ನೆ ಕೊಟ್ಟ ಹಾಗೆ. ದುಡ್ಡು ಕೊಟ್ಟು ತಗೊಳ್ಳಿ, ಮೈಲ್ಸ್ ಉಳಿಯುತ್ತದೆ, ಹೊಸ ಮೈಲ್ಸೂ ಬರುತ್ತದೆ.

ನಾನು ಈಗ ಮಾಡುವುದು ಹೀಗೆ. ಮೊದಲು ಟಿಕೆಟ್ ದರ ಹುಡುಕುವ ವೆಬ್‌ಸೈಟ್ ಆದ ಐಟಿಎ ಮ್ಯಾಟ್ರಿಕ್ಸ್‌ನಲ್ಲಿ ಅದೇ ವಿಮಾನವನ್ನು ದುಡ್ಡಿನ ಟಿಕೆಟ್ ಅಂತ ಹುಡುಕುತ್ತೇನೆ. ಅಲ್ಲಿ ದರವನ್ನು ಸಾಲು ಸಾಲಾಗಿ ಬಿಡಿಸಿ ತೋರಿಸುತ್ತದೆ. ವೈಕ್ಯೂ, ವೈಆರ್ ಎಷ್ಟು ಅಂತ ಬರೆದುಕೊಳ್ಳುತ್ತೇನೆ. ಆಮೇಲೆ ಆ ಏರ್‌ಲೈನ್‌ನ ಸೀಟು ಕೊಡುವ ಪ್ರೋಗ್ರಾಮ್‌ಗಳಲ್ಲಿ ಯಾವುದು ಅದನ್ನು ನಮ್ಮ ಮೇಲೆ ಹಾಕುತ್ತದೆ, ಯಾವುದು ಹಾಕುವುದಿಲ್ಲ ಅಂತ ನೋಡುತ್ತೇನೆ. ಕೊನೆಯ ಪುಟದ ಮೊತ್ತ ಕಣ್ಣಾರೆ ಕಾಣುವ ತನಕ ಕ್ರೆಡಿಟ್ ಕಾರ್ಡ್‌ನ ಪಾಯಿಂಟ್ಸ್ ಅನ್ನು ಯಾವ ಪ್ರೋಗ್ರಾಮ್‌ಗೂ ಸಾಗಿಸುವುದಿಲ್ಲ. ಒಮ್ಮೆ ಸಾಗಿಸಿದರೆ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ.

ಏರೋಪ್ಲಾನ್‌ನಲ್ಲಿ ತೆಗೆದ ಆ ನ್ಯೂಯಾರ್ಕ್ ಟಿಕೆಟ್‌ನ ರಸೀದಿ ಬಂದಾಗ ಮೊದಲು ಹುಡುಕಿದ್ದು ಆ ಎರಡಕ್ಷರವನ್ನೇ. ಪಟ್ಟಿಯಲ್ಲಿ ಜರ್ಮನಿಯ ತೆರಿಗೆ ಇತ್ತು, ಭದ್ರತಾ ಶುಲ್ಕ ಇತ್ತು, ಅಮೆರಿಕದ ತೆರಿಗೆಗಳಿದ್ದವು. ವೈಕ್ಯೂ ಇರಲಿಲ್ಲ.