ಬೋಟಿಗೆ ಹೆಡ್‌ಸೆಟ್ ಕೊಳ್ಳುವವರೇ, ಮೊದಲು ಇಂಜಿನ್ ಚಾಲೂ ಮಾಡಿ

ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ. 36,800 ರೂಪಾಯಿ ಸುರಿದು, ನಾಲ್ಕು ಬೈಕ್ ಹೆಲ್ಮೆಟ್ ಇಂಟರ್‌ಕಾಮ್ (ಸವಾರರು ಪರಸ್ಪರ ಮಾತಾಡುವ ಹೆಡ್‌ಸೆಟ್) ತಂದು ಮೀನು ಹಿಡಿಯುವ ಟ್ರಾಲ್ ಬೋಟಿಗೆ ಹಾಕಿದ ಜಾಣ ನಾನೇ. ಗಂಗೊಳ್ಳಿ ಬಂದರಿನ ದಕ್ಕೆಯಲ್ಲಿ ಈಗ ನನ್ನನ್ನು ಹೆಸರು ಹಿಡಿದು ಕರೆಯುವವರೇ ಇಲ್ಲ, ಎಲ್ಲರ ಬಾಯಲ್ಲೂ ರೈಡರ್. ಯಾಕೆ ಅಂತ ಮುಂದೆ ಹೇಳುತ್ತೇನೆ. ಮಾರಿದ ಪುಣ್ಯಾತ್ಮ ಮುಂದಿನ ಮೀನುಗಾರಿಕೆ ರಜೆಗೆ ಮಲ್ಪೆಗೋ ಭಟ್ಕಳಕ್ಕೋ ಹೊನ್ನಾವರಕ್ಕೋ ಬಂದೇ ಬರುತ್ತಾನೆ. ಅದಕ್ಕೇ ಇಷ್ಟು ಬರೆಯುವುದು.

ನಮ್ಮದು ಸಣ್ಣ ಟ್ರಾಲ್ ಬೋಟ್. ಬೋಟ್ ನಡೆಸುವ ತಂಡೇಲರೂ ನಾನೂ ಸೇರಿ ಐದು ಜನ. ಬೆಳಗಿನ ಜಾವ ನದಿ ಸಮುದ್ರ ಸೇರುವ ಅಳಿವೆ ದಾಟಿದರೆ ಸಂಜೆಗೆ ವಾಪಸ್. ಬೋಟಲ್ಲಿ ದುಡಿದವರಿಗೆ ಬಿಡಿಸಿ ಹೇಳಬೇಕಿಲ್ಲ, ಬಲೆ ಎಳೆಯುವ ಹೊತ್ತಿಗೆ ಇಂಜಿನ್, ಹಗ್ಗ ಸುತ್ತುವ ವಿಂಚ್, ಗಾಳಿ ಮೂರೂ ಸೇರಿ ಪಕ್ಕದವನ ಮಾತೂ ಕೇಳಿಸುವುದಿಲ್ಲ. ತಂಡೇಲರು ಕ್ಯಾಬಿನ್ನಿಂದ ಕತ್ತು ಹೊರಗೆ ಹಾಕಿ ಕೂಗಬೇಕು, ವಿಂಚ್ ಹತ್ತಿರ ಇದ್ದವ ಅಂದಾಜಿನ ಮೇಲೆ ಕೆಲಸ ಮಾಡಬೇಕು. ಕತ್ತಲಾದರೆ ಕೈಸನ್ನೆಯೂ ಕಾಣದು. ಹೋದ ವರ್ಷ ಹೀಗೇ ತಪ್ಪು ಕೇಳಿಸಿಕೊಂಡು ನಮ್ಮ ಹುಡುಗನೊಬ್ಬನ ಬೆರಳು ವಯರ್ ರೋಪಿಗೆ ಸಿಕ್ಕಿ ಉಗುರೇ ಹೋಯಿತು. ವಾಕಿಟಾಕಿ ಕೊಡೋಣ ಅಂದರೆ ಹಿಡಿಯಲು ಕೈ ಎಲ್ಲಿದೆ? ಎರಡೂ ಕೈಯಲ್ಲಿ ಹಗ್ಗ. ಹಾಗಾಗಿ ತಲೆಗೆ ಹಾಕಿಕೊಂಡು ಮಾತಾಡುವಂಥದ್ದು ಬೇಕು ಅನ್ನಿಸಿತು. ಅನ್ನಿಸಿದ್ದು ತಪ್ಪಲ್ಲ, ಅಲ್ವಾ?

ತಪ್ಪಿದ್ದು ಮುಂದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ರಜೆ. ಬೋಟ್‌ಗಳೆಲ್ಲ ಕಟ್ಟಿ ಹಾಕಿರುತ್ತವೆ, ಒಂದಿಷ್ಟು ಜನ ಬಲೆ ರಿಪೇರಿ, ಒಂದಿಷ್ಟು ಜನ ಪೇಂಟು, ಇಡೀ ದಕ್ಕೆ ತಣ್ಣಗೆ ಮಲಗಿರುತ್ತದೆ. ಆಗ ಬಂದ ಆಸಾಮಿ. ಹೆಗಲಿಗೆ ಬ್ಯಾಗು, ಬಾಯಿ ತೆರೆದರೆ ಜೇನು. ಒಂದು ಹೆಡ್‌ಸೆಟ್ ನನ್ನ ತಲೆಗೆ ಹಾಕಿದ. ಇನ್ನೊಂದು ತಾನು ಹಾಕಿಕೊಂಡು ಐಸ್ ಪ್ಲಾಂಟಿನ ಗೇಟಿನ ತನಕ ನಡೆದು ಹೋದ. "ಸರ್, ಕೇಳ್ತಿದ್ಯಾ ಸರ್?" ಕಿವಿಯೊಳಗೇ ಕೂತು ಮಾತಾಡಿದ ಹಾಗೆ ಕೇಳಿಸಿತು! ಮರೈನ್ ಕ್ವಾಲಿಟಿ, ಒಂದು ಕಿಲೋಮೀಟರ್ ರೇಂಜ್, ನೀರು ಬಿದ್ದರೂ ಏನೂ ಆಗಲ್ಲ ಅಂದ. ಹೆಡ್‌ಸೆಟ್ ಬೆನ್ನಿಗೆ ನೀಲಿ ಬಣ್ಣದ ಲಂಗರು ಚಿತ್ರದ ಸ್ಟಿಕ್ಕರ್ ಬೇರೆ.

"ಇಂಜಿನ್ ಚಾಲೂ ಮಾಡಿ ನೋಡೋಣ" ಅನ್ನುವ ಒಂದು ಮಾತು ನನ್ನ ಬಾಯಿಂದ ಬರಲಿಲ್ಲ. ನನ್ನ ಬೋಟ್ ಬೆನ್ನ ಹಿಂದೆಯೇ ಇತ್ತು. ಬೋಟಲ್ಲಿ ಇಂಜಿನ್ ಇತ್ತು. ಕೀ ನನ್ನ ಜೇಬಲ್ಲೇ ಇತ್ತು. ಇದನ್ನು ನೆನೆಸಿಕೊಂಡರೆ ಈಗಲೂ ನಿದ್ದೆ ಹತ್ತುವುದಿಲ್ಲ. ನಮ್ಮ ತಂಡೇಲರು ಬಲೆ ಹೊಲಿಯುತ್ತಾ ಕೂತಲ್ಲಿಂದಲೇ, "ಒಣಗಲು ಹಾಕಿದಾಗ ಎಲ್ಲ ಬಲೆಯೂ ಚಂದವೇ ಮಾರಾಯ" ಅಂದರು. ಹಳೆ ಕಾಲದವರು, ಇವರಿಗೇನು ಗೊತ್ತು ಅಂದುಕೊಂಡೆ. ಒಂದಕ್ಕೆ 9,200ರಂತೆ ನಾಲ್ಕು. ಬಿಲ್ ಅಂದರೆ ಒಂದು ಚೀಟಿ, "ಮರೈನ್ ಹೆಡ್‌ಸೆಟ್ 4" ಅಂತ ಪೆನ್ನಲ್ಲಿ ಬರೆದದ್ದು. ಜಿಎಸ್‌ಟಿ ನಂಬರೂ ಇಲ್ಲ. ಅದನ್ನೂ ನೋಡಲಿಲ್ಲ ನಾನು.

ಸಮುದ್ರ ಪೂಜೆ ಮುಗಿದು ಮೊದಲ ಸಲ ಹೊರಟೆವು. ಅಳಿವೆ ದಾಟುತ್ತಿದ್ದ ಹಾಗೆ ನಾಲ್ಕೂ ಜನ ಹೆಡ್‌ಸೆಟ್ ಹಾಕಿಕೊಂಡು ಸ್ವಿಚ್ ಒತ್ತಿದೆವು. ಕಿವಿಯಲ್ಲಿ ಒಬ್ಬಳು ಹೆಂಗಸು ಇಂಗ್ಲಿಷಲ್ಲಿ ಹೇಳಿದಳು, "ರೈಡರ್ ಟೂ ಕನೆಕ್ಟೆಡ್."

ರೈಡರಾ?

ಹೊನ್ನಾವರ ಕಡೆಯ ಹುಡುಗ ಒಬ್ಬನಿದ್ದಾನೆ, ವಿಂಚ್ ನೋಡಿಕೊಳ್ಳುವವ. ಅವನಿಗೆ ನಗು ತಡೆಯಲಾಗಲಿಲ್ಲ. "ಅಣ್ಣ, ಇದು ಬೈಕಿಂದು. ನಮ್ ಚಿಕ್ಕಪ್ಪನ ಮಗನ ಹೆಲ್ಮೆಟ್ಟಲ್ಲಿ ಇದೇ ಹೆಂಗ್ಸು ಮಾತಾಡ್ತಾಳೆ" ಅಂದ. ನಾನು ಸುಮ್ನಿರು ಅಂತ ಗದರಿದೆ. ಬೆಳಕು ಹರಿದ ಮೇಲೆ ಯಾರೂ ನೋಡದ ಹಾಗೆ ಆ ಲಂಗರು ಸ್ಟಿಕ್ಕರನ್ನು ಉಗುರಲ್ಲಿ ಕೆರೆದೆ. ಅಂಟು ಹಸಿಯಾಗಿತ್ತು, ಸಲೀಸಾಗಿ ಎದ್ದು ಬಂತು. ಕೆಳಗೆ ಹೆಲ್ಮೆಟ್ ಚಿತ್ರ. ಪೆಟ್ಟಿಗೆಯಲ್ಲಿ ಸಣ್ಣ ಸಣ್ಣ ವೆಲ್ಕ್ರೋ ತುಂಡುಗಳಿದ್ದವು, ಯಾವುದಕ್ಕೆ ಅಂತ ಆಗ ಅರ್ಥವಾಯಿತು. ಹೆಲ್ಮೆಟ್ ಒಳಗೆ ಸ್ಪೀಕರ್ ಅಂಟಿಸಲು. ನಮಗೆ ಬೇಕು ಅಂತ ಒಂದು ಪ್ಲಾಸ್ಟಿಕ್ ಪಟ್ಟಿಗೆ ಸಿಕ್ಕಿಸಿ ಮಾರಿದ್ದಾನೆ. ತಿರುಗಿ ನೋಡಿದರೆ ತಂಡೇಲರು ನನ್ನನ್ನೇ ನೋಡುತ್ತಿದ್ದರು. ಏನೂ ಹೇಳಲಿಲ್ಲ. ಬೈದಿದ್ದರೇ ವಾಸಿ ಇತ್ತು.

ಹೋಗಲಿ, ಬೈಕಿಂದಾದರೂ ಕೆಲಸ ಮಾಡಲಿ ಅಂದುಕೊಂಡೆ. ಮಾಡಲಿಲ್ಲ. ಹೆಲ್ಮೆಟ್ ಒಳಗಿನ ಮೈಕಿಗೆ ಗಾಳಿ ತಾಗದ ಹಾಗೆ ಹೆಲ್ಮೆಟ್ಟೇ ಮರೆ. ತೆರೆದ ಡೆಕ್ ಮೇಲೆ ಮರೆ ಎಲ್ಲಿ? ಬರೀ ಭರ್ರ್ ಅನ್ನುವ ಸದ್ದು. ಮತ್ತೊಂದು ಕರ್ಮ ಏನೆಂದರೆ ಈ ಸೆಟ್‌ಗಳು ಸರಪಳಿ ಥರ. ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ. ಎರಡನೆಯವ ಮೀನು, ಐಸ್ ತುಂಬಲು ಡೆಕ್ ಕೆಳಗೆ ಇಳಿದನೋ, ಅವನ ಹಿಂದಿನ ಇಬ್ಬರೂ ಕಟ್. ಇವು ನಡೆಯುವುದು ಬ್ಲೂಟೂತಿನಲ್ಲಿ, ಅದು 2.4 ಗಿಗಾಹರ್ಟ್ಜ್‌ನಲ್ಲಿ ಓಡುತ್ತದೆ, ಅದಕ್ಕೆ ನೀರು ಅಂದರೆ ಆಗದು. ಮನುಷ್ಯನ ಮೈಯಲ್ಲಿ ಇರುವುದೂ ನೀರೇ. ಅಡ್ಡ ಒಬ್ಬ ನಿಂತರೂ ಸಾಕು, ಮಾತು ತುಂಡು ತುಂಡು.

ಇನ್ನು ವಾಕ್ಸ್. ಮಾತಾಡಿದ ಕೂಡಲೇ ಮೈಕ್ ತಾನೇ ತೆರೆದುಕೊಳ್ಳುವುದು, ಗುಂಡಿ ಒತ್ತಬೇಕಿಲ್ಲ ಅಂತ ಮಾರಿದವ ಹೊಗಳಿ ಹೊಗಳಿ ಹೇಳಿದ್ದು ಇದನ್ನೇ. ಅದು ತೆರೆದುಕೊಳ್ಳುವಷ್ಟರಲ್ಲಿ ಮಾತಿನ ಮೊದಲ ತುಣುಕು ಹಾರಿ ಹೋಗಿರುತ್ತದೆ. ನಾಲ್ಕನೇ ದಿನ ತುಂಬಿದ ಬಲೆಯ ಚೀಲ ಡೆಕ್ ಮೇಲೆ ಎತ್ತಿ ನಿಲ್ಲಿಸಿದ್ದೆವು. ಕೆಳಗೆ ಒಬ್ಬ ಕಲಾಸಿ (ಬೋಟಿನ ಆಳು) ಗಂಟು ಬಿಚ್ಚಲು ಬಗ್ಗಿದ್ದ. ಪಕ್ಕದಿಂದ ಒಂದು ತೆರೆ ಬಂತು, ಬೋಟ್ ವಾಲಿತು. ತಂಡೇಲರು "ನಿಲ್ಸು, ನಿಲ್ಸು" ಅಂದರು. ವಿಂಚ್ ಹುಡುಗನ ಕಿವಿಗೆ ಬಿದ್ದದ್ದು "ಇಳ್ಸು". ಇಳಿಸಿಯೇ ಬಿಟ್ಟ. ಚೀಲ ಧೊಪ್ಪೆಂದು ಬಿತ್ತು. ಕೆಳಗಿದ್ದವ ಹೇಗೆ ಹಾರಿದನೋ ದೇವರಿಗೇ ಗೊತ್ತು, ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಸುತ್ತ ರಾಣಿ ಮೀನು, ಬೊಂಡಾಸ್ ಚೆಲ್ಲಾಪಿಲ್ಲಿ. ನನ್ನ ಕೈಕಾಲು ಅರ್ಧ ಗಂಟೆ ನಡುಗಿತು. ಅಪಾಯ ತಪ್ಪಲಿ ಅಂತ ತಂದದ್ದೇ ಅಪಾಯ ಮಾಡಿತು. ಕೂಗಿದ್ದರೆ ಸರಿಯಾಗಿ ಕೇಳುತ್ತಿತ್ತೋ ಏನೋ!

ಅವತ್ತೇ ತೆಗೆದಿಟ್ಟೆವು. ಒಂಬತ್ತನೇ ದಿನ ನೋಡಿದರೆ ಎರಡರ ಚಾರ್ಜಿಂಗ್ ತೂತಿನಲ್ಲಿ ಹಸಿರು ಕಿಲುಬು. ಸತ್ತು ಹೋದವು.

ಮಾರಿದವನನ್ನು ವಾಟ್ಸಾಪಲ್ಲಿ ಕೇಳಿದೆ. ಉತ್ತರ ನೋಡಿ.

"ಸರ್, ವಾಟರ್ ರೆಸಿಸ್ಟೆಂಟ್ ಅಂದಿದ್ದು, ವಾಟರ್‌ಪ್ರೂಫ್ ಅಂದಿಲ್ಲ."

ಮರೈನ್ ಅಂದಿರಲ್ಲ ಅಂದೆ. "ಮರೈನ್ ಅಂದ್ರೆ ಕಲರ್ ಸರ್, ಮರೈನ್ ಬ್ಲೂ." ಪ್ರಮಾಣ ಮಾಡಿ ಹೇಳುತ್ತೇನೆ, ಹೀಗೇ ಬರೆದಿದ್ದಾನೆ. ಸೆಟ್ಟಿನ ಬಣ್ಣ ಕಪ್ಪು.

ಐವತ್ತು ಅಡಿಗೂ ಕೇಳುವುದಿಲ್ಲ, ಒಂದು ಕಿಲೋಮೀಟರ್ ಎಲ್ಲಿ ಅಂದೆ. "ಅದು ಓಪನ್ ಏರಿಯಾದಲ್ಲಿ ಸರ್." ಅಯ್ಯಾ, ಸಮುದ್ರಕ್ಕಿಂತ ಓಪನ್ ಏರಿಯಾ ಇನ್ನೆಲ್ಲಿದೆ? ಇದಕ್ಕೆ ಎರಡು ದಿನ ನೀಲಿ ಗೆರೆ ಮಾತ್ರ, ಉತ್ತರ ಇಲ್ಲ. ಆಮೇಲೆ "ಉಪ್ಪುನೀರು ವಾರಂಟಿಗೆ ಬರಲ್ಲ" ಅಂತ ಒಂದು ಸಾಲು. ಪೆಟ್ಟಿಗೆ ಮೇಲಿರುವ ಐಪಿಎಕ್ಸ್ 5 ಅನ್ನುವುದು ಸಿಹಿನೀರು ಚಿಮ್ಮಿಸಿ ನೋಡಿದ ಲೆಕ್ಕ, ಉಪ್ಪಿನ ಲೆಕ್ಕ ಅದರಲ್ಲಿ ಇಲ್ಲವೇ ಇಲ್ಲ ಅಂತ ನನಗೆ ಆಮೇಲೆ ಗೊತ್ತಾಯಿತು. ಅವನಿಗೆ ಮೊದಲೇ ಗೊತ್ತಿತ್ತು. ದಕ್ಕೆಯಲ್ಲಿ ನಿಂತು ಮಾರುವವನಿಗೆ ಸಮುದ್ರದಲ್ಲಿ ಉಪ್ಪಿದೆ ಅಂತ ಗೊತ್ತಿಲ್ಲವೇ?

ಹಣ ವಾಪಸ್ ಕೊಡು ಅಂದರೆ ಹೊಸ ಆಟ. ಇನ್ನು 6,000 ಕೊಡಿ, ಕಿವಿಗೆ ಸಿಕ್ಕಿಸುವ ವಾಕಿಟಾಕಿ ಕೊಡುತ್ತೇನೆ, 5 ಕಿಲೋಮೀಟರ್ ಗ್ಯಾರಂಟಿ, ಲೈಸೆನ್ಸ್ ಏನೂ ಬೇಡ ಅಂದ. ಫೋಟೋ ಕಳಿಸಿದ. ಪೆಟ್ಟಿಗೆ ಮೇಲೆ 136-174 ಮೆಗಾಹರ್ಟ್ಜ್ ಅಂತ ಇತ್ತು. ಪರಿಚಯದ ವೈರ್‌ಲೆಸ್ ಮೆಕ್ಯಾನಿಕ್ ಒಬ್ಬರಿಗೆ ತೋರಿಸಿದೆ, ಅವರು ತಲೆ ಚಚ್ಚಿಕೊಂಡರು. ಎಲ್ಲ ಬೋಟು, ಹಡಗುಗಳು ಆಪತ್ತಿಗೆ ಬಳಸುವ ವಿಎಚ್‌ಎಫ್ ರೇಡಿಯೋದ 16ನೇ ಚಾನೆಲ್ ಇರುವುದು 156.8 ಮೆಗಾಹರ್ಟ್ಜ್‌ನಲ್ಲಿ, ಆ ನಡುವೆಯೇ. ನಮ್ಮ ಹುಡುಗರು ಗೊತ್ತಿಲ್ಲದೆ ಅಲ್ಲಿ ಗುಂಡಿ ಒತ್ತಿಕೊಂಡು ಕೂತರೆ ಇನ್ಯಾರದೋ ಜೀವದ ಕೂಗು ಮುಚ್ಚಿ ಹೋಗುತ್ತದೆ. ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಬಳಸಬಹುದಾದ ವಾಕಿಟಾಕಿ 446.0ರಿಂದ 446.2 ಮೆಗಾಹರ್ಟ್ಜ್ ಒಳಗಿನ ಕಡಿಮೆ ಶಕ್ತಿಯವು, ಅದಕ್ಕೂ ಸರಕಾರದ ಇಟಿಎ ಸರ್ಟಿಫಿಕೇಟ್ (ಉಪಕರಣಕ್ಕೆ ಕೊಡುವ ಒಪ್ಪಿಗೆ) ಇರಬೇಕು. ಇಟಿಎ ನಂಬರ್ ಕೊಡು ಅಂತ ಕೇಳಿದೆ. "ಅದೆಲ್ಲ ಯಾರೂ ಕೇಳಲ್ಲ ಸರ್" ಅಂದ. ಅದೇ ಕೊನೆ, ಆಮೇಲೆ ನನ್ನ ನಂಬರ್ ಬ್ಲಾಕ್.

ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದೇನೆ. ಕೈಯಲ್ಲಿರುವುದು ಆ ಪೆನ್ನಿನ ಚೀಟಿ ಮತ್ತು ವಾಟ್ಸಾಪ್ ಮಾತು ಅಷ್ಟೇ. ನೀವು ಮಾತ್ರ ಸರಿಯಾದ ಬಿಲ್ ಇಲ್ಲದೆ ಒಂದು ಪೈಸೆ ಬಿಚ್ಚಬೇಡಿ. ಇಂಜಿನ್ನೂ ವಿಂಚೂ ಎರಡೂ ಓಡುವಾಗ ಒಬ್ಬನನ್ನು ಡೆಕ್ ಕೆಳಗೆ ಇಳಿಸಿ ಮಾತಾಡಿ ನೋಡಿ. ಮೈಕ್ ತುಟಿಯ ಹತ್ತಿರಕ್ಕೆ ಬರುವ ಕಡ್ಡಿ ಇರಲಿ. ಎಲ್ಲರೂ ಒಟ್ಟಿಗೆ ಮಾತಾಡಲು ಆಗಬೇಕು, ಒಬ್ಬ ಕಟ್ಟಾದರೆ ಉಳಿದವರು ಕಟ್ಟಾಗಬಾರದು. ಸ್ಟಿಕ್ಕರ್ ಇದ್ದರೆ ಅಲ್ಲೇ ಕೆರೆದು ನೋಡಿ! ಮಾರುವವ ಬೇಡ ಅಂದರೆ ಕೈ ಮುಗಿದು ಕಳಿಸಿ.

ನಾವು ಸದ್ಯ ವಿಂಚ್ ಪಕ್ಕ ಒಂದು ಕೆಂಪು ದೀಪ, ಒಂದು ಗಂಟೆ ಹಾಕಿಸಿದ್ದೇವೆ. ಸ್ವಿಚ್ ತಂಡೇಲರ ಕೈಯಲ್ಲಿ. ಒಂದು ಸಲ ಹೊಡೆದರೆ ನಿಲ್ಸು, ಎರಡು ಸಲ ಹೊಡೆದರೆ ಇಳ್ಸು. ಬೋಟಿನ ಬ್ಯಾಟರಿಯಿಂದಲೇ ವಯರ್ ಎಳೆದದ್ದು, ಖರ್ಚು 650 ರೂಪಾಯಿ. ಇದು ಯಾರ ಐಡಿಯಾ ಅಂತ ಕೇಳಬೇಡಿ, ಬಲೆ ಹೊಲಿಯುತ್ತಾ ಕೂತಿದ್ದವರದೇ.

ಉಳಿದ ಎರಡು ಸೆಟ್ ಅಕ್ಕನ ಮಗ ಒಯ್ದ. ಮೊನ್ನೆ ಗೆಳೆಯನ ಜೊತೆ ಬೈಕಲ್ಲಿ ಆಗುಂಬೆ ಘಾಟಿ ಹತ್ತಿ ಬಂದು, "ಮಾಮ, ಸೂಪರ್ ಸೌಂಡ್" ಅಂದ.